ಇಲಿ ಮೂಳೆ ಕೆರೆದರೆ ಏನು ಸಿಗುತ್ತೆ ಸ್ವಾಮಿ?

ಮೊನ್ನೆ ತಾಳಗುಂದದಲ್ಲಿ ನೆಂಟರ ಮನೆಯ ಗೃಹಪ್ರವೇಶ ಇತ್ತು. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು ಜಗಲಿ ಮೇಲೆ ಕೂತಿದ್ದೆವು. ಅಡಿಕೆ ರೇಟು, ಕೊಳೆ ರೋಗ, ಯಾರ ಮಗ ಯಾವ ಕಂಪನಿ... ಎಲ್ಲ ಮುಗಿದ ಮೇಲೆ ಮಾತು ನಮ್ಮ ಚಿಕ್ಕಮ್ಮನ ಮಗಳ ಕಡೆ ತಿರುಗಿತು. ಅವಳು ಬೆಂಗಳೂರಿನಲ್ಲಿ ಪಿಎಚ್‌ಡಿ ಮಾಡ್ತಿದ್ದಾಳೆ.

"ಏನವ್ವಾ, ನಿನ್ನ ಓದು ಇನ್ನೂ ಮುಗೀಲಿಲ್ವಾ? ಅಲ್ಲಿ ಮಾಡೋದಾದ್ರೂ ಏನು?" ಅಂದರು ಒಬ್ಬ ಮಾವ.

"ಇಲಿಯ ಮೂಳೆ ಮಜ್ಜೆಯಲ್ಲಿ ಬಿ ಕೋಶಗಳು ಹ್ಯಾಗೆ ಹುಟ್ಟಿ ಬೆಳೀತಾವೆ ಅಂತ ನೋಡ್ತೀನಿ ಮಾವ."

"ಇಲಿ ಮೂಳೆ ಕೆರೆಯೋಕೆ ಐದು ವರ್ಷ! ಮೊದಲೇ ಹೇಳಿದ್ರೆ ನಮ್ಮ ಅಟ್ಟದ ಮೇಲಿಂದ ದಿನಾ ನಾಲ್ಕು ಹಿಡಿದು ಕೊಡ್ತಿದ್ನಲ್ಲೇ..."

ಜಗಲಿ ಪೂರ್ತಿ ನಗು. ಅವಳೂ ನಕ್ಕಳು. ನಕ್ಕು, ಯಾರೋ ಕರೆದರು ಅನ್ನೋ ಹಾಗೆ ಎದ್ದು ಒಳಗೆ ಹೋದಳು. ಸತ್ಯ ಹೇಳಿಬಿಡ್ತೀನಿ, ನಾನೂ ನಕ್ಕಿದ್ದೆ. ಈ ಬರಹ ಅರ್ಧ ಆ ಮಾವನ ಮೇಲಿನ ಸಿಟ್ಟು, ಇನ್ನರ್ಧ ನನ್ನ ಮೇಲಿನ ಸಿಟ್ಟು.

ಯಾಕೆ ಸಿಟ್ಟು ಅಂದ್ರೆ, ನಾವು ನಕ್ಕ ಜಾಗ ಯಾವುದು ನೋಡಿ. ಶಿಕಾರಿಪುರ ತಾಲೂಕಿನ ತಾಳಗುಂದ. ಪಕ್ಕದ ತಾಲೂಕು ಸೊರಬ. ಆ ಸೊರಬ ತಾಲೂಕಿನಲ್ಲಿ ಕ್ಯಾಸನೂರು ಅಂತ ಒಂದು ಕಾಡಿದೆ. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಹಿಂದೆಯೇ ಜನ ಜ್ವರ ಬಂದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಗುರುತು ಹಿಡಿದರು. ಊರು-ಮನೆಯಲ್ಲಿ ನಾವು ಅದನ್ನು ಮಂಗನ ಕಾಯಿಲೆ ಅಂತೀವಿ. ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲಿ ಅದರ ಹೆಸರು ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆಎಫ್‌ಡಿ. ಅದಾಗಿ ಹತ್ತಿರ ಹತ್ತಿರ ಎಪ್ಪತ್ತು ವರ್ಷ. ಇವತ್ತಿಗೂ ಅದಕ್ಕೆಂದೇ ಒಂದು ಔಷಧಿ ಇಲ್ಲ. ಇದ್ದ ಒಂದು ಲಸಿಕೆಯೂ 2022ರಲ್ಲಿ ನಿಂತುಹೋಯಿತು, ಅದು ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ.

ಯಾಕೆ ಕೆಲಸ ಮಾಡಲಿಲ್ಲ? ಅದಕ್ಕೆ ಉತ್ತರ ಹುಡುಕೋ ದಾರಿ ಹಾದುಹೋಗೋದು ಆ ಹುಡುಗಿ ಕೆರೆಯುವ ಇಲಿ ಮೂಳೆಯ ಮೂಲಕವೇ ಸ್ವಾಮಿ. ನಾವು ಹಲ್ಲು ಬಿಟ್ಟು ನಕ್ಕಿದ್ದು ಅದಕ್ಕೇ.

ನಾನು ಓದಿದ್ದು ಬಿ.ಕಾಂ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳ ಪಕ್ಕ ಕೂತು ಶಿವಮೊಗ್ಗದವರೆಗೂ ಕೇಳಿದೆ, ಆಮೇಲೆ ಮನೆಗೆ ಬಂದು ಒಂದಿಷ್ಟು ಓದಿದೆ. ನನ್ನ ತಲೆಗೆ ಹೋದಷ್ಟನ್ನು ಬರೀತೀನಿ. ಲೆಕ್ಕದ ಪುಸ್ತಕ ನೋಡುವವನಿಗೆ ಅರ್ಥವಾದದ್ದು ನಿಮಗೆ ಆಗದೇ ಇರುತ್ತಾ?

ನಮ್ಮ ಮೈಗೆ ವೈರಸ್ಸೋ ಬ್ಯಾಕ್ಟೀರಿಯಾವೋ ಹೊಕ್ಕಾಗ ಅದಕ್ಕೆ ಹೋಗಿ ಅಂಟಿಕೊಳ್ಳುವ ಪ್ರತಿಕಾಯ ಅನ್ನೋ ಪ್ರೋಟೀನು ತಯಾರಾಗುತ್ತಲ್ಲ, ಅದನ್ನು ಮಾಡುವ ಕುಲವೇ ಬಿ ಕೋಶ. ಆ 'ಬಿ' ಬಂದದ್ದೂ ಒಂದು ತಮಾಷೆಯ ಕಥೆ. ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ಲಿಕ್ ಅನ್ನೋ ವಿದ್ಯಾರ್ಥಿ ಕೋಳಿಯ ಹಿಂಭಾಗದಲ್ಲಿರೋ ಬರ್ಸಾ ಎಂಬ ಪುಟ್ಟ ಚೀಲ ಯಾತಕ್ಕಿದೆ ಅಂತ ತಲೆ ಕೆಡಿಸಿಕೊಂಡಿದ್ದ. ಆ ಚೀಲ ತೆಗೆದಿದ್ದ ಕೋಳಿಗಳನ್ನು ಅವನ ಸ್ನೇಹಿತ ತಿಮೊತಿ ಚಾಂಗ್ ಪಾಠಕ್ಕೆ ಅಂತ ತಗೊಂಡು ಹೋಗಿ ಚುಚ್ಚಿದರೆ ಪ್ರತಿಕಾಯವೇ ಬರಲಿಲ್ಲ! ದೊಡ್ಡ ಪತ್ರಿಕೆ ಅವರ ಲೇಖನವನ್ನು ವಾಪಸ್ ಕಳಿಸಿತು. ಕೊನೆಗೆ 1956ರಲ್ಲಿ ಅದು ಅಚ್ಚಾದದ್ದು 'ಪೌಲ್ಟ್ರಿ ಸೈನ್ಸ್' ಎಂಬ ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ಬರ್ಸಾದ 'ಬಿ'ಯೇ ಬಿ ಕೋಶದ 'ಬಿ'. ಕೋಳಿಯ ಹಿಂಭಾಗ ನೋಡ್ತಾ ಕೂತವನನ್ನು ಅವನ ಊರಿನ ಮಾವಂದಿರು ಎಷ್ಟು ಗೇಲಿ ಮಾಡಿದ್ದರೋ. ಅದರ ಮರುವರ್ಷವೇ ಕ್ಯಾಸನೂರಿನಲ್ಲಿ ಮಂಗ ಸತ್ತದ್ದು.

ಇಲಿಗೆ, ನಮಗೆ ಆ ಚೀಲ ಇಲ್ಲ. ಹಾಗಾದರೆ ನಮ್ಮ ಬಿ ಕೋಶ ಹುಟ್ಟೋದೆಲ್ಲಿ? ಹೊಟ್ಟೆಯಲ್ಲಿರುವ ಮರಿಯಲ್ಲಿ ಯಕೃತ್ತಿನಲ್ಲಿ, ಹುಟ್ಟಿ ಬೆಳೆದ ಮೇಲೆ ಮೂಳೆಯ ಮಜ್ಜೆಯಲ್ಲಿ. ಇದು 1974ರ ಸುಮಾರಿಗೆ ಸ್ಪಷ್ಟವಾಯಿತು. ಇಲಿಗಳಿಂದಲೇ.

ಬೆಳೆದ ಇಲಿಯ ತೊಡೆಮೂಳೆ ಅಂದ್ರೆ ಬೆಂಕಿಕಡ್ಡಿಗಿಂತ ಗಿಡ್ಡ. ಅದರೊಳಗೆ ನಡೆಯೋದನ್ನು ಕೇಳಿದರೆ ದಂಗಾಗ್ತೀರಿ. ಮೊದಲು ಒಂದು ಆಕರ ಕೋಶ, ರಕ್ತದ ಎಲ್ಲ ಕೋಶಗಳಿಗೂ ತಾಯಿ. ಅದರ ಮಕ್ಕಳಲ್ಲಿ ಕೆಲವು ಬಿ ಕೋಶದ ದಾರಿ ಹಿಡಿಯುತ್ತವೆ. ಆಗ ಅವಕ್ಕೆ ಪ್ರೊ-ಬಿ ಅಂತ ಹೆಸರು. ಸುತ್ತಲಿನ ಮಜ್ಜೆಯ ಕೋಶಗಳು ಐಎಲ್-7 ಅನ್ನೋ ರಸ ಕೊಟ್ಟು ಸಾಕುತ್ತವೆ. ಇಲಿಯಲ್ಲಿ ಅದು ಸಿಗದಿದ್ದರೆ ಕೋಶ ಮುಂದೆ ಹೋಗೋದೇ ಇಲ್ಲ.

ಇಲ್ಲಿಂದ ಮುಂದೆ ಅದು ಮಾಡುವ ಕೆಲಸ ಮೈಯ ಬಹುಪಾಲು ಕೋಶಗಳು ಮಾಡದೇ ಇರೋದು. ತನ್ನ ಡಿಎನ್ಎಯನ್ನೇ ಕತ್ತರಿಸಿ ಮತ್ತೆ ಹೊಲಿಯುತ್ತೆ! ಪ್ರತಿಕಾಯದ ದೊಡ್ಡ ಸರಪಳಿಗೆ ವಿ, ಡಿ, ಜೆ ಅಂತ ಮೂರು ಬಗೆಯ ತುಂಡುಗಳ ರಾಶಿ ಇದೆ. ಮೊದಲು ಒಂದು ಡಿ ಒಂದು ಜೆ ಜೋಡಣೆ, ಆಮೇಲೆ ಅದಕ್ಕೆ ಒಂದು ವಿ. ಕತ್ತರಿಸುವ ಕತ್ತರಿ ರ್‍ಯಾಗ್ ಅನ್ನೋ ಜೋಡಿ ಪ್ರೋಟೀನು. ಯಾವ ತುಂಡಿಗೆ ಯಾವುದು ಸೇರುತ್ತೆ ಅನ್ನೋದು ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ. ಅದಕ್ಕೇ ಒಂದೊಂದು ಕೋಶದ ಬೀಗದ ಕೈ ಒಂದೊಂದು ಥರ. ಜೀನು ಹೀಗೆ ಜಾಗ ಬದಲಿಸುತ್ತೆ ಅಂತ 1976ರಲ್ಲಿ ತೋರಿಸಿದ ಸುಸುಮು ತೊನೆಗಾವಾ ಅವರಿಗೆ 1987ರಲ್ಲಿ ನೊಬೆಲ್ ಬಂತು. ಅವರು ತೋರಿಸಿದ್ದು ಯಾವ ಪ್ರಾಣಿಯ ಡಿಎನ್ಎಯಲ್ಲಿ ಗೊತ್ತಾ? ಇಲಿಯದ್ದು.

ಹೊಲಿಗೆ ಮೂರರಲ್ಲಿ ಎರಡು ಸಲ ತಪ್ಪುತ್ತೆ, ಓದೋಕೆ ಬಾರದ ಅಕ್ಷರವಾಗುತ್ತೆ. ಅದಕ್ಕೆ ಪರೀಕ್ಷೆ ಇದೆ. ದೊಡ್ಡ ಸರಪಳಿ ಸರಿ ಬಂತಾ ಅಂತ ನೋಡೋಕೆ ಒಂದು ಬದಲಿ ಚಿಕ್ಕ ಸರಪಳಿಯನ್ನು ತಾತ್ಕಾಲಿಕವಾಗಿ ಜೋಡಿಸಿ ನೋಡುತ್ತೆ. ಪಾಸಾದರೆ ಪ್ರಿ-ಬಿ. ಅದು ಒಡೆದು ಒಡೆದು ಸಂಖ್ಯೆ ಹೆಚ್ಚಿಸಿಕೊಂಡು, ಆಮೇಲೆ ನಿಜವಾದ ಚಿಕ್ಕ ಸರಪಳಿಯನ್ನು ಕತ್ತರಿಸಿ ಹೊಲಿಯುತ್ತೆ. ಕೊನೆಗೆ ಪೂರ್ತಿ ಪ್ರತಿಕಾಯ ಮೈಮೇಲೆ ಹೊತ್ತ ಎಳೆಯ ಬಿ ಕೋಶ ರೆಡಿ.

ಇನ್ನೂ ಒಂದು ಪರೀಕ್ಷೆ ಬಾಕಿ. ಇದು ನಮ್ಮ ಮೈಗೇ ಅಂಟಿಕೊಳ್ಳುತ್ತಾ? ಅಂಟಿಕೊಂಡರೆ ಚಿಕ್ಕ ಸರಪಳಿ ಬದಲಿಸೋಕೆ ಇನ್ನೊಂದು ಅವಕಾಶ. ಆಗಲೂ ಸರಿ ಹೋಗದಿದ್ದರೆ ಅಲ್ಲೇ ಸಾವು. ಒಂದು ಇಲಿಯ ಮಜ್ಜೆಯಲ್ಲಿ ದಿನಕ್ಕೆ ಸುಮಾರು 2 ಕೋಟಿ ಎಳೆಯ ಬಿ ಕೋಶ ತಯಾರಾಗುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಗುಲ್ಮದವರೆಗೆ ಹೋಗಿ ತಲುಪೋದು ಹತ್ತರಲ್ಲಿ ಒಂದು. ಪೂರ್ತಿ ಬಲಿತು ಉಳಿಯೋದು ಇನ್ನೂ ಕಮ್ಮಿ.

ಈಗ ಹೇಳಿ, ಅಂಗಡಿ ತುಂಬ 'ಇಮ್ಯುನಿಟಿ ಹೆಚ್ಚಿಸುವ' ಪುಡಿ, ಕಷಾಯ, ಸಿರಪ್ಪು ಮಾರ್ತಾರಲ್ಲ, ಏನನ್ನು ಹೆಚ್ಚಿಸ್ತಾರೆ? ಮಜ್ಜೆ ತಾನು ಮಾಡಿದ್ದರಲ್ಲಿ ಬಹುಪಾಲನ್ನು ತಾನೇ ಕೊಲ್ಲುತ್ತೆ, ಯಾಕಂದ್ರೆ ಹೆಚ್ಚಾಗೋದು ಅಪಾಯ. ಪ್ರಿ-ಬಿ ಹಂತದ ಕೋಶ ಮಾತು ಕೇಳದೆ ಬೆಳೆಯುತ್ತಾ ಹೋದರೆ ಅದಕ್ಕೆ ರಕ್ತದ ಕ್ಯಾನ್ಸರ್ ಅಂತಾರೆ, ಮಕ್ಕಳಿಗೆ ಬರೋ ಲ್ಯುಕೇಮಿಯಾದಲ್ಲಿ ಹೆಚ್ಚಿನವು ಇದೇ ಕುಲದವು. ಮೈಗೇ ಅಂಟೋ ಕೋಶ ತಪ್ಪಿಸಿಕೊಂಡು ಹೊರಬಿದ್ದರೆ ಮೈಯೇ ಮೈಗೆ ಶತ್ರು. ಮೈಗೆ ಬೇಕಿರೋದು 'ಹೆಚ್ಚು' ಅಲ್ಲ, 'ಸರಿಯಾದದ್ದು, ನೆನಪಿರುವಂಥದ್ದು'. ಇಲಿ ಮೂಳೆಗೆ ನಕ್ಕ ನಮ್ಮ ಮಾವ ಬೆಳಿಗ್ಗೆ ಎದ್ದು ಆ ಪುಡಿಯನ್ನೇ ಬಿಸಿನೀರಿಗೆ ಹಾಕಿಕೊಂಡು ಕುಡೀತಾರೆ. ಡಬ್ಬಿಗೆ ನಾನೂರು ರೂಪಾಯಿ!

ಹೋಗ್ಲಿ ಬಿಡಿ. ಮುಖ್ಯ ವಿಷಯ ನೆನಪಿನದ್ದು.

ಬಲಿತ ಬಿ ಕೋಶ ಗುಲ್ಮದಲ್ಲೋ ಹಾಲುಗಡ್ಡೆಯಲ್ಲೋ ತನಗೆ ಸರಿಹೊಂದುವ ವೈರಸ್ಸನ್ನು ಕಂಡರೆ ಒಡೆದು ಸೈನ್ಯವಾಗುತ್ತೆ. ಕೆಲವು ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯ ಸುರಿಯುತ್ತವೆ, ಕೆಲವು ನೆನಪಿನ ಕೋಶಗಳಾಗಿ ಕಾದು ಕೂರುತ್ತವೆ. ಪ್ಲಾಸ್ಮಾ ಕೋಶಗಳಲ್ಲಿ ಬಹಳಷ್ಟು ಕೆಲವೇ ದಿನಕ್ಕೆ ಸಾಯುತ್ತವೆ. ಕೆಲವು ಮಾತ್ರ ವಾಪಸ್ ಬರುತ್ತವೆ. ಎಲ್ಲಿಗೆ? ಹುಟ್ಟಿದ ಮನೆಗೆ, ಅದೇ ಮೂಳೆ ಮಜ್ಜೆಗೆ! ಅಲ್ಲಿ ಜಾಗ ಹಿಡಿದು ಕೂತರೆ ವರ್ಷಗಟ್ಟಲೆ ಪ್ರತಿಕಾಯ ಮಾಡ್ತಾನೇ ಇರುತ್ತವೆ. 1997 ಮತ್ತು 1998ರಲ್ಲಿ ಇದನ್ನು ತೋರಿಸಿದ್ದೂ ಬೆಳೆದ ಇಲಿಗಳ ಮಜ್ಜೆಯಲ್ಲಿ. ಆ ಎರಡನೇ ಕೆಲಸ ಮಾಡಿದ ತಂಡದಲ್ಲಿದ್ದ ರಫಿ ಅಹ್ಮದ್ ನಮ್ಮ ಪಕ್ಕದ ಹೈದರಾಬಾದಿನವರು.

ಅಂದರೆ ಒಂದು ಲಸಿಕೆ ಗೆದ್ದಿತೋ ಸೋತಿತೋ ಅನ್ನೋದು ಕ್ಯಾಂಪಿನಲ್ಲಿ ಎಷ್ಟು ಜನರ ತೋಳಿಗೆ ಚುಚ್ಚಿದರು ಅನ್ನೋ ರಿಜಿಸ್ಟರಿನಲ್ಲಿ ಇಲ್ಲ. ಮಜ್ಜೆಗೆ ಎಷ್ಟು ಜನ ಕಾವಲುಗಾರರು ವಾಪಸ್ ಬಂದು ಕೂತರು ಅನ್ನೋದರಲ್ಲಿದೆ. ನನ್ನ ವಾದ ಇಷ್ಟೇ. ಎಪ್ಪತ್ತು ವರ್ಷ ನಾವು ತೋಳಿನ ಲೆಕ್ಕ ಬರೆದೆವು, ಮಜ್ಜೆಯ ಲೆಕ್ಕ ಕೇಳಲಿಲ್ಲ.

ಇತಿಹಾಸ ನೋಡಿ. ಮಂಗನ ಕಾಯಿಲೆ ಬಂದ ಶುರುವಿನಲ್ಲಿ, ಇದು ರಷ್ಯಾ ಕಡೆಯ ಉಣುಗಿನ ಜ್ವರದ ವೈರಸ್ಸಿನ ಹತ್ತಿರದ ನೆಂಟ ಅಂತ, ಆ ವೈರಸ್ಸನ್ನು ಇಲಿಯ ಮೆದುಳಿನಲ್ಲಿ ಬೆಳೆಸಿ ಕೊಂದ ಲಸಿಕೆಯನ್ನು ಇಲ್ಲಿಯ ಜನಕ್ಕೆ ಹಾಕಿ ನೋಡಿದರು. ಪ್ರಯೋಜನ ಆಗಲಿಲ್ಲ. ಆಮೇಲೆ ಕ್ಯಾಸನೂರು ವೈರಸ್ಸನ್ನೇ ಕೋಳಿ ಭ್ರೂಣದ ಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್ ಹಾಕಿ ಕೊಂದು ಲಸಿಕೆ ಮಾಡಿದರು. 1990-92ರ ಪ್ರಯೋಗದ ಫಲಿತಾಂಶ 1994ರಲ್ಲಿ ಪ್ರಕಟವಾಯಿತು. ಒಂದು ಡೋಸಿಗೆ 79.3 ಪರ್ಸೆಂಟ್, ಎರಡು ಡೋಸಿಗೆ 93.5 ಪರ್ಸೆಂಟ್ ರಕ್ಷಣೆ. ಭೇಷ್!

ಆಮೇಲೆ 2005ರಿಂದ 2010ರವರೆಗಿನ ಲೆಕ್ಕ ತೆಗೆದು 2013ರಲ್ಲಿ ಇನ್ನೊಂದು ಅಧ್ಯಯನ ಬಂತು. ಒಂದು ಡೋಸ್: ರಕ್ಷಣೆ ಇಲ್ಲ. ಎರಡು ಡೋಸ್: 62.4. ಬೂಸ್ಟರ್ ಕೂಡ ತಗೊಂಡವರಿಗೆ: 82.9. ಅದೇ ಕಾಯಿಲೆ, ಅದೇ ಎರಡು ಡೋಸು, 93 ಇದ್ದದ್ದು 62 ಆಯ್ತು. ನಮ್ಮ ಸೊಸೈಟಿಯ ಅಡಿಕೆ ಲೆಕ್ಕದಲ್ಲಿ ಮೂವತ್ತು ಮೂಟೆ ಕಮ್ಮಿ ಬಂದರೆ ಅವತ್ತೇ ಗೋದಾಮಿಗೆ ಬೀಗ ಹಾಕಿ ಎಣಿಸ್ತಾರೆ. ಇಲ್ಲಿ ಏನಾಯ್ತು? ಮತ್ತೆ ಒಂಬತ್ತು ವರ್ಷ ಅದನ್ನೇ ಚುಚ್ಚಿದರು.

ವೇಳಾಪಟ್ಟಿ ಕೇಳಿ. 7ರಿಂದ 65 ವರ್ಷದವರಿಗೆ ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಒಂದು ಬೂಸ್ಟರ್, ಆಮೇಲೆ ಐದು ವರ್ಷ ವರ್ಷಕ್ಕೊಂದು. ಒಟ್ಟು ಎಂಟು ಚುಚ್ಚು. ವರ್ಷ ವರ್ಷ ಚುಚ್ಚಬೇಕು ಅಂದ್ರೇನೇ ಅರ್ಥ ಏನು? ಮಜ್ಜೆಯಲ್ಲಿ ಕಾವಲು ನಿಲ್ಲುತ್ತಿಲ್ಲ ಅಂತ ತಾನೇ? ಇದೇ ವೈರಸ್ಸಿನ ದೊಡ್ಡ ಕುಟುಂಬಕ್ಕೆ ಸೇರಿದ ಹಳದಿ ಜ್ವರಕ್ಕೆ 1937ರಲ್ಲೇ ಬಂದ, ಸಾಧುಗೊಳಿಸಿದ ಜೀವಂತ ವೈರಸ್ಸಿನ ಲಸಿಕೆ ಇದೆ. ಒಂದೇ ಚುಚ್ಚು ಜೀವಮಾನಕ್ಕೆ ಸಾಕು ಅಂತ 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅದನ್ನು ಮಾಡಿದ ರಾಕ್‌ಫೆಲ್ಲರ್ ಪ್ರತಿಷ್ಠಾನವೇ ಪುಣೆಯ ಕೇಂದ್ರ ಶುರುವಾಗೋಕೂ ಕೈಜೋಡಿಸಿದ್ದು. ಕೊಂದ ವೈರಸ್ಸಿನ ಲಸಿಕೆ ಎಲ್ಲ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಯುರೋಪಿನ ಉಣುಗಿನ ಜ್ವರಕ್ಕೆ ಅಂಥದ್ದೇ ಲಸಿಕೆ ಇದೆ, ಕೆಲವು ವರ್ಷಕ್ಕೊಮ್ಮೆ ಬೂಸ್ಟರ್ ಹಾಕಿದರೆ ಚೆನ್ನಾಗಿಯೇ ಕಾಯುತ್ತೆ. ಅವರಿಗೆ ಆಗಿದ್ದು ನಮಗೆ ಯಾಕೆ ಆಗಲಿಲ್ಲ ಅನ್ನೋದೇ ನನ್ನ ಪ್ರಶ್ನೆ.

ಈಗ ನಮ್ಮ ದೊಡ್ಡಪ್ಪನ ವಿಷಯ. ಸಾಗರ ತಾಲೂಕಿನಲ್ಲಿ ಅವರ ತೋಟ. 2018-19ರ ಸೀಸನ್ನಿನಲ್ಲಿ ಅರಲಗೋಡು ಕಡೆ ಮಂಗನ ಕಾಯಿಲೆ ಎದ್ದು ಸಾವುಗಳಾದದ್ದು ನಿಮಗೆ ನೆನಪಿರಬಹುದು. ಅದೇ ಬೇಸಿಗೆಯಲ್ಲಿ ದೊಡ್ಡಪ್ಪ ಬೆಟ್ಟಕ್ಕೆ ಹೋಗಿ ದರಗು ಗುಡಿಸಿ ತಂದವರು ವಾರದೊಳಗೆ ಮಲಗಿದರು. ಜ್ವರ, ತಲೆ ಸಿಡಿಯೋ ನೋವು, ಕಣ್ಣು ಕೆಂಪು, ವಸಡಿನಲ್ಲಿ ರಕ್ತ. ಆಸ್ಪತ್ರೆಯಲ್ಲಿ ಒಬ್ಬರು ಕೇಳಿದ ಮೊದಲ ಮಾತು: "ಇಂಜೆಕ್ಷನ್ ತಪ್ಪಿಸಿಕೊಂಡಿದ್ರಾ? ನೀವು ಹಳ್ಳಿಯವ್ರು ಹೇಳಿದ್ದು ಕೇಳಲ್ಲ."

ದೊಡ್ಡಮ್ಮ ಅಡಿಕೆ ಲೆಕ್ಕದ ಪುಸ್ತಕದೊಳಗಿಂದ ಚೀಟಿ ತೆಗೆದು ಕೊಟ್ಟರು. ಎರಡು ಡೋಸು, ಬೂಸ್ಟರು, ಎಲ್ಲ ತಾರೀಖು ಸಮೇತ. ಅವರು ನೋಡಿ, ಏನೂ ಹೇಳದೆ ವಾಪಸ್ ಕೊಟ್ಟರು.

ದೊಡ್ಡಪ್ಪ ಬದುಕಿದರು. ಆದರೆ ಮರ ಹತ್ತಿ ಕೊನೆ ಇಳಿಸುತ್ತಿದ್ದ ಮನುಷ್ಯ ಆಮೇಲೆ ತೋಟದ ದಣಪೆ ದಾಟೋದಕ್ಕೂ ಕೋಲು ಹಿಡಿದರು. ಅವರು ಒಂದು ಸಲ ಕೇಳಿದ್ದರು: "ಅಲ್ಲಾ ತಮ್ಮಾ, ಚುಚ್ಚಿಸ್ಕೊಂಡಿದ್ದು ಎಲ್ಲಿಗೆ ಹೋಯ್ತು?"

ಎಲ್ಲಿಗೆ ಹೋಯ್ತು! ಈ ಕಾಯಿಲೆಯ ಬಗ್ಗೆ ಇದಕ್ಕಿಂತ ಒಳ್ಳೆ ಪ್ರಶ್ನೆಯನ್ನು ನಾನು ಕೇಳಿಲ್ಲ. ನೂರರಲ್ಲಿ 83 ಜನಕ್ಕೆ ರಕ್ಷಣೆ ಅಂದ್ರೆ 17 ಜನಕ್ಕೆ ಇಲ್ಲ, ದೊಡ್ಡಪ್ಪ ಆ ಹದಿನೇಳರಲ್ಲಿ ಒಬ್ಬರು ಅಂತ ಹೇಳಿ ಕೈತೊಳೆದುಕೊಳ್ಳಬಹುದು. ಯಾಕೆ ಆ ಹದಿನೇಳು? ವಯಸ್ಸಾ? ಮುದಿ ಇಲಿಯ ಮಜ್ಜೆಯಲ್ಲಿ ಹೊಸ ಬಿ ಕೋಶದ ಹುಟ್ಟು ಇಳಿಯುತ್ತೆ ಅಂತ ಗೊತ್ತು. ಆದರೂ ಏಳು ವರ್ಷದ ಹುಡುಗನಿಗೂ ಅರವತ್ತೈದರ ಮುದುಕನಿಗೂ ಒಂದೇ ವೇಳಾಪಟ್ಟಿ. ಲಸಿಕೆಯ ಬಾಟಲಿಯದೇ ದೋಷವಾ? ಚುಚ್ಚಿದ ಆರು ತಿಂಗಳಿಗೆ, ವರ್ಷಕ್ಕೆ, ಎರಡು ವರ್ಷಕ್ಕೆ ಒಂದೊಂದು ಹಳ್ಳಿಯಲ್ಲಿ ಒಂದಿಷ್ಟು ಜನರ ರಕ್ತ ತೆಗೆದು ಪ್ರತಿಕಾಯ ಅಳೆದರೆ ಗೊತ್ತಾಗೋ ವಿಷಯ ಇದು. ಅದನ್ನು ಬಿಟ್ಟು ಜನರನ್ನು ಬೈಯೋದು ಸುಲಭ.

ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರನ್ನು, ಡಿಎಂಪಿ ಎಣ್ಣೆ ಬಾಟಲಿ ಹೊತ್ತು ಕಾಡಂಚಿಗೆ ನಡೆದವರನ್ನು ನಾನು ದೂರುತ್ತಿಲ್ಲ. ಅವರಿಗೆ ಕೊಟ್ಟದ್ದನ್ನು ಅವರು ಹಾಕಿದರು. ನನ್ನ ಜಗಳ ಮೇಲೆ ಕೂತು ಡೋಸ್ ಎಣಿಸಿದವರ ಜತೆ. ಮತ್ತೆ ಕೆಳಗೆ ಕೂತು ನಕ್ಕ ನಮ್ಮ ಜತೆ. ಇವೆರಡೂ ಒಂದೇ ರೋಗ ಸ್ವಾಮಿ. 'ಒಳಗೆ ಏನು ನಡೀತಿದೆ' ಅಂತ ಕೇಳುವವರನ್ನು ಕೆಲಸವಿಲ್ಲದವರು ಅಂದುಕೊಳ್ಳೋ ರೋಗ.

"ಇಲಿಯೇ ಬೇರೆ, ಮನುಷ್ಯನೇ ಬೇರೆ" ಅಂತ ಒಬ್ಬರು ವಾದ ಮಾಡಿದರು. ಒಪ್ಪಿದೆ. ಐಎಲ್-7 ಇಲ್ಲದೆ ಇಲಿಯಲ್ಲಿ ಬಿ ಕೋಶ ಬೆಳೆಯೋಲ್ಲ. ಆದರೆ ಅದರ ಸಂದೇಶ ಹಿಡಿಯೋಕೆ ಆಗದೇ ಹುಟ್ಟಿದ ಮಕ್ಕಳಲ್ಲಿ ಬಿ ಕೋಶ ಇರುತ್ತವೆ. ಬಿಟಿಕೆ ಅನ್ನೋ ಜೀನು ಕೆಟ್ಟರೆ ಹುಡುಗರಲ್ಲಿ ಬಿ ಕೋಶವೇ ಹೆಚ್ಚುಕಡಿಮೆ ಇಲ್ಲವಾಗುತ್ತೆ, ಇಲಿಯಲ್ಲಿ ಅಷ್ಟು ಕೆಡೋಲ್ಲ. ಆದರೆ ಈ ವ್ಯತ್ಯಾಸ ಗೊತ್ತಾಗಿದ್ದು ಎರಡನ್ನೂ ನೋಡಿದ್ದರಿಂದ ತಾನೇ? ಇಲಿ ಸಾಲದು ಅನ್ನೋದು ಇಲಿಯನ್ನು ಬಿಡೋಕೆ ಕಾರಣ ಅಲ್ಲ, ಇಲಿಯ ಜತೆಗೆ ನಮ್ಮನ್ನೂ ನೋಡಿ ಅನ್ನೋಕೆ ಕಾರಣ. 2020ರಲ್ಲಿ ಮಣಿಪಾಲದ ವೈರಾಣು ಸಂಸ್ಥೆಯವರು ಮಂಗನ ಕಾಯಿಲೆಯ ರೋಗಿಗಳಲ್ಲಿ ಬಿ ಕೋಶ, ಟಿ ಕೋಶ ಹೇಗೆ ಏಳುತ್ತವೆ ಅಂತ ಒಂದು ಅಧ್ಯಯನ ಪ್ರಕಟಿಸಿದರು. 1957ಕ್ಕೂ 2020ಕ್ಕೂ ನಡುವೆ 63 ವರ್ಷ. ಇಂಥ ಕೆಲಸ ವರ್ಷಕ್ಕೆ ಹತ್ತು ಬರಬೇಕಿತ್ತು.

ಈಗ ಐಸಿಎಂಆರ್ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜತೆ ಸೇರಿ ಹೊಸ ಲಸಿಕೆಗೆ ಕೈ ಹಾಕಿದೆ. ಬರಲಿ, ಬೇಗ ಬರಲಿ. ಆದರೆ ಈ ಸಲ ನಮ್ಮ ಗ್ರಾಮಸಭೆಗಳಲ್ಲಿ "ಎಷ್ಟು ಡೋಸ್ ಬಂತು?" ಅಂತ ಮಾತ್ರ ಕೇಳಬೇಡಿ. "ಎರಡು ವರ್ಷ ಆದ ಮೇಲೆ ನಮ್ಮ ರಕ್ತದಲ್ಲಿ ಪ್ರತಿಕಾಯ ಎಷ್ಟು ಉಳೀತು? ವಯಸ್ಸಾದವರಲ್ಲಿ ಎಷ್ಟು? ಆ ಲೆಕ್ಕವನ್ನು ಪಂಚಾಯ್ತಿ ಬೋರ್ಡಿಗೆ ಹಾಕ್ತೀರಾ?" ಅಂತ ಕೇಳಿ. ಮತ್ತೆ ಈ ಕೆಲಸಕ್ಕೆ ಬೇಕಾದ ಲ್ಯಾಬು, ಅದರಲ್ಲಿ ಕೂತು ಕೆಲಸ ಮಾಡೋ ನಮ್ಮದೇ ಹುಡುಗರು, ಅವರಿಗೆ ತಿಂಗಳು ತಿಂಗಳು ತಪ್ಪದೆ ಸಂಬಳ... ಇವನ್ನೂ ಕೇಳಿ. ಕಾಯಿಲೆಗೆ ನಮ್ಮ ಕಾಡಿನ ಹೆಸರು ಕೊಟ್ಟಿದ್ದೇವೆ, ಅಷ್ಟು ಹಕ್ಕು ನಮಗಿದೆ.

ಕೊನೆಗೊಂದು ಮಾತು. ಗೃಹಪ್ರವೇಶದ ದಿನ ಸಂಜೆ ಎಲ್ಲರೂ ಪ್ರಣವೇಶ್ವರ ದೇವಸ್ಥಾನಕ್ಕೆ ಹೋಗಿದ್ದೆವು. ಎದುರಿಗೆ ಆ ಕಂಬ ಶಾಸನ. ಐದನೇ ಶತಮಾನದ್ದು, ಕುಬ್ಜ ಅನ್ನೋ ಕವಿ ಬರೆದದ್ದು. ಮಯೂರಶರ್ಮ ಓದೋಕೆ ಅಂತ ಅಷ್ಟು ದೂರದ ಕಂಚಿಗೆ ಹೋದದ್ದು ನಮಗೆ ಗೊತ್ತಿರೋದೇ ಆ ಕಲ್ಲಿನಿಂದ. ನಮ್ಮ ಮಾವ ಅದನ್ನೇ ಎದೆಯುಬ್ಬಿಸಿ ಮಕ್ಕಳಿಗೆ ಹೇಳ್ತಿದ್ದರು: "ನೋಡ್ರೋ, ಓದೋಕೆ ಅಂತ ಕಂಚಿ ತನಕ ಹೋದವನ ಊರು ಇದು!"

ಚಿಕ್ಕಮ್ಮನ ಮಗಳು ಪಕ್ಕದಲ್ಲೇ ನಿಂತಿದ್ದಳು. ಮಾವನಿಗೆ ಏನೂ ಅನ್ನಿಸಲಿಲ್ಲ. ನನಗೆ ಅನ್ನಿಸಿತು, ಆದರೆ ಅವತ್ತು ಬಾಯಿ ಬಿಡಲಿಲ್ಲ. ಅದಕ್ಕೇ ಇವತ್ತು ಬರೆದೆ.

ಮಾವಾ, ಇದನ್ನು ಓದ್ತಿದ್ದರೆ, ಮುಂದಿನ ಸಲ ಅವಳು ಊರಿಗೆ ಬಂದಾಗ "ಮುಗೀತಾ?" ಅಂತ ಕೇಳಬೇಡಿ. "ಏನು ಸಿಕ್ಕಿತು?" ಅಂತ ಕೇಳಿ. ದೊಡ್ಡಪ್ಪನ ಪ್ರಶ್ನೆಗೆ ಇನ್ನೂ ಉತ್ತರ ಬಾಕಿ ಇದೆ.